ಹದ್ದಿನ ಪರ ಸಾಕ್ಷಿ

ಮಾವನ ಎಡಗೈಯ ಮಣಿಕಟ್ಟಿನಲ್ಲಿ ನಾಲ್ಕು ಗಾಯದ ಕಲೆಗಳಿದ್ದವು. ಮೂರು ಹೊರಗಡೆ, ಒಂದು ಅವಕ್ಕೆ ಎದುರಾಗಿ ಒಳಗಡೆ. ಬಿಸಿಲಿಗೆ ಕಪ್ಪಾದ ಕೈಯಲ್ಲಿ ಅವು ಮಾತ್ರ ಬೆಳ್ಳಗೆ ಕಾಣುತ್ತಿದ್ದವು. ಹೊಸನಗರದ ಪಶು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅವರು ಪ್ರತಿಯೊಂದು ಹಸುವನ್ನು ಮುಟ್ಟಿದ ಮೇಲೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವವರು. ನೊರೆ ಜಾರಿ ಇಳಿಯುವಾಗ ಕಲೆಗಳು ಒಂದೊಂದಾಗಿ ಹೊರಬರುತ್ತಿದ್ದವು. ಚಿಕ್ಕವಳಿದ್ದಾಗ 'ಇದು ಎಂಥದು ಮಾವ?' ಎಂದು ಕೇಳಿದ್ದೆ. 'ಹಳೇ ಗಾಯ' ಎಂದು ಕೈ ಒರೆಸಿಕೊಂಡಿದ್ದರು. ಯಾವುದೋ ಪೋಕರಿ ಎಮ್ಮೆಯ ಕೆಲಸ ಎಂದು ನಾವು ಮಕ್ಕಳೇ ತೀರ್ಮಾನ ಮಾಡಿಕೊಂಡೆವು.

ಅವರು ಅಪ್ಪಯ್ಯನ ತಂಗಿಯ ಗಂಡ. ಅಪ್ಪಯ್ಯ ಅವರನ್ನು ಭಾವ ಎನ್ನುತ್ತಿದ್ದ, ಅವರು ಅಪ್ಪಯ್ಯನನ್ನು ಭಾವ ಎನ್ನುತ್ತಿದ್ದರು. ಇಬ್ಬರೂ ಜಗುಲಿಯಲ್ಲಿ ಕೂತು 'ಅಲ್ಲ ಭಾವ', 'ಹೌದು ಭಾವ' ಎಂದು ಶುರುಮಾಡಿದರೆ ಯಾರು ಯಾರಿಗೆ ಹೆಣ್ಣು ಕೊಟ್ಟವರು ಎಂಬುದು ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ. ಅಪ್ಪಯ್ಯನದು ಜೋರು ಬಾಯಿ, ಮಾವನದು ತಗ್ಗಿದ ದನಿ. ಆದರೂ ಜಗುಲಿಯ ವಾದಗಳಲ್ಲಿ ಹೆಚ್ಚಾಗಿ ಗೆಲ್ಲುತ್ತಿದ್ದದ್ದು ತಗ್ಗಿದ ದನಿಯೇ.

ನಮ್ಮೂರಿನವರಿಗೆ ಮಾವನೆಂದರೆ ಸ್ಕಾಟ್ಲೆಂಡ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುರಿಗಳ ರೋಗದ ಬಗ್ಗೆ ಕಲಿಯಲು ಸರ್ಕಾರ ಅವರನ್ನು ಕೆಲವು ತಿಂಗಳು ಅಲ್ಲಿಗೆ ಕಳಿಸಿತ್ತು. ಕುರಿಯೇ ಇಲ್ಲದ ಮಲೆನಾಡಿಗೆ ಕುರಿಯ ವಿದ್ಯೆ ಕಲಿತು ಬಂದವರು ಎಂದು ಅತ್ತೆ ಜೀವಮಾನವಿಡೀ ಅವರನ್ನು ಗೇಲಿ ಮಾಡಿದರು. ಅವರು ಕುರಿಯ ವಿಷಯವನ್ನು ಅಷ್ಟಾಗಿ ಹೇಳುತ್ತಲೂ ಇರಲಿಲ್ಲ. ಹೇಳುತ್ತಿದ್ದದ್ದು ಅಲ್ಲಿನ ಹದ್ದು, ಗಿಡುಗಗಳ ವಿಷಯ. ಮೊಬೈಲು ಬಂದ ಮೇಲಂತೂ ದಿನಾ ಬೆಳಿಗ್ಗೆ ಕಾಫಿಯ ಜೊತೆಗೆ ಆ ದೇಶದ ಹಕ್ಕಿಗಳ ಸುದ್ದಿ ಓದಬೇಕು. ನಾನು ತೀರ್ಥಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಅವರು ಆ ಕಡೆ ಬಂದಾಗಲೆಲ್ಲ ನನ್ನ ಕೋಣೆಗೆ ಬಂದು ಕುರ್ಚಿ ಎಳೆದುಕೊಳ್ಳುವರು. ಕೂತ ಕೂಡಲೇ ಅದೇ ಮಾತು.

'ನೋಡು ಮಾರಾಯ್ತಿ, ಇನ್ನೊಂದು ಹದ್ದು ಕಾಣೆಯಾಯ್ತಂತೆ. ಬೆನ್ನಿಗೆ ಯಂತ್ರ ಕಟ್ಟಿ ಬಿಟ್ಟಿದ್ರು. ಎಲ್ಲಿ ಹಾರ್ತದೆ, ಎಲ್ಲಿ ಕೂರ್ತದೆ ಎಲ್ಲಾ ಗೊತ್ತಾಗ್ತಿತ್ತು. ಧಣಿಗಳ ಬೇಟೆ ಗುಡ್ಡದ ಮೇಲೆ ಬಂದಿದ್ದೇ ಯಂತ್ರ ಸಮೇತ ಮಾಯ.'

'ಕಾನೂನು ಇಲ್ವಾ ಮಾವ ಅಲ್ಲಿ?'

'ಇದೆ. ನಮಗಿಂತ ಹಳೇದು, ನಮಗಿಂತ ಬಿಗಿ. ಇತ್ತೀಚೆಗೆ ಅಲ್ಲಿ ಬೇಟೆಗೂ ಲೈಸೆನ್ಸ್ ಮಾಡಿದಾರಂತೆ. ಆದ್ರೆ ಎಲ್ರಿಗೂ ಗೊತ್ತಿರ್ತದೆ, ಯಾರೂ ನೋಡಿರೋದಿಲ್ಲ.'

ಆ ರಾಜಕೀಯವನ್ನು ಅವರು ನನಗೆ ಬಿಡಿಸಿ ಹೇಳಿದ್ದರು. ಅಲ್ಲಿನ ಗುಡ್ಡಗಳಲ್ಲಿ ನಮ್ಮ ಕಾಡುಕೋಳಿಯ ಜಾತಿಯದೊಂದು ಹಕ್ಕಿ ಇದೆ. ವರ್ಷಕ್ಕೊಮ್ಮೆ ಶ್ರೀಮಂತರು ಬಂದು ಅದನ್ನು ಹೊಡೆಯುತ್ತಾರೆ. ಅದನ್ನು ಸಾಕಿ ಕಾಯುವುದಕ್ಕೆ ಆಳುಗಳಿರುತ್ತಾರೆ. ಗಿಡುಗ ಮರಿಗಳನ್ನು ಹೊತ್ತೊಯ್ದರೆ ಆಳಿನ ನೌಕರಿಗೆ ಕುತ್ತು, ನೌಕರಿ ಹೋದರೆ ಧಣಿ ಕೊಟ್ಟ ಮನೆಯೂ ಹೋಯಿತು. ಪೇಟೆಯವರು ಹದ್ದು ಉಳಿಯಬೇಕು ಎನ್ನುತ್ತಾರೆ, ಗುಡ್ಡದವರು ನಮ್ಮ ಹೊಟ್ಟೆ ನೋಡಿ ಎನ್ನುತ್ತಾರೆ. ಪಶ್ಚಿಮದ ಕಡಲ ಬದಿಯಲ್ಲಿ ಪೂರ್ತಿ ಅಳಿದುಹೋಗಿದ್ದ ದೊಡ್ಡ ಹದ್ದುಗಳನ್ನು ಬೇರೆ ದೇಶದಿಂದ ತಂದು ಬಿಟ್ಟರು. ಅವು ಕುರಿಮರಿ ಎತ್ತುತ್ತವೆ ಎಂದು ಕುರಿ ಸಾಕುವವರು ಇವತ್ತಿಗೂ ಸರ್ಕಾರದ ಮೇಲೆ ಗುರ್ ಎನ್ನುತ್ತಾರೆ. ಮಾವ ಇದ್ದದ್ದು ಅಂಥ ಬೇಟೆಯ ಗುಡ್ಡ ಕಾಯುವ ಆಳೊಬ್ಬನ ಮನೆಯಲ್ಲಿ, ಬಾಡಿಗೆಯ ಕೋಣೆ ಹಿಡಿದು. 'ಬಹಳ ಒಳ್ಳೆಯವನು. ಅದೇ ತಾಪತ್ರಯ ನೋಡು' ಎನ್ನುತ್ತಿದ್ದರು. ಅದರಿಂದ ಮುಂದಕ್ಕೆ ಆ ಕತೆ ಹೋಗುತ್ತಿರಲಿಲ್ಲ.

ಮಾವನಿಗೆ ಒಂದು ಚಾಳಿಯಿತ್ತು. ಯಾರಾದರೂ 'ಹಿಂಗಂತೆ, ಹಂಗಂತೆ' ಎಂದು ಶುರುಮಾಡಿದರೆ ಕೈ ಎತ್ತಿ ನಿಲ್ಲಿಸುವರು. 'ನೀವು ನೋಡಿದ್ರಾ? ನೋಡಿದ್ರೆ ನೋಡಿದೆ ಅನ್ನಿ.' ಹಸು ಮೇವು ತಿಂದಿತೋ ಇಲ್ಲವೋ ಎಂದು ಹೇಳುವ ರೈತನಿಗೂ ಅದೇ, ಪಕ್ಕದ ಮನೆಯ ಸುದ್ದಿ ತಂದ ಅತ್ತೆಗೂ ಅದೇ. ಈ ಮಾತು ಕೇಳಿ ಕೇಳಿ ನಮಗೆ ಸಾಕಾಗಿತ್ತು. ಬೆನ್ನ ಹಿಂದೆ ನಾವು ಕೈ ಎತ್ತಿ ಅಣಕಿಸುತ್ತಿದ್ದೆವು.

ನಮ್ಮೂರು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ದಡದ ಮೇಲೆ. ಹಳೆಯ ಊರು ನೀರಿನಡಿಯಿದೆ. ಅಣೆಕಟ್ಟು ಕಟ್ಟಿದಾಗ ಎದ್ದುಬಂದ ಅಜ್ಜನ ಕಾಲದವರು ಎಲ್ಲಿ ಕೂತರೋ ಅಲ್ಲೇ ನಾವು ಇವತ್ತಿಗೂ ಕೂತಿದ್ದೇವೆ. ಆ ಜಾಗಕ್ಕೆ ಇನ್ನೂ ಹಕ್ಕುಪತ್ರವಿಲ್ಲ. ಫಾರೆಸ್ಟಿನ ಜೀಪಿನ ಸದ್ದು ಕೇಳಿದರೆ ಊರಿನ ಅರ್ಧ ಜನ ಬಾಗಿಲಿಗೆ ಬರುತ್ತಾರೆ, ಉಳಿದರ್ಧ ಹಿತ್ತಿಲಿಗೆ ಹೋಗುತ್ತಾರೆ.

ದಡದ ದಿಬ್ಬದಲ್ಲಿ ಒಂದು ಎತ್ತರದ ಮತ್ತಿ ಮರವಿದೆ. ಆ ಮರದ ತುದಿಯಲ್ಲಿ ಬಿಳಿ ಹೊಟ್ಟೆಯ ಮೀನುಹದ್ದುಗಳ ಜೋಡಿಯೊಂದು ಗೂಡು ಕಟ್ಟಿತು. ಅವುಗಳ ಪಾಡಿಗೆ ಅವಿದ್ದವು. ಅಂಗಳದ ಕೋಳಿಮರಿಗಳನ್ನು ಎತ್ತುತ್ತಿದ್ದದ್ದು ಬೇರೆ ಗಿಡುಗಗಳು. ಅದಕ್ಕೆ ನಮ್ಮಲ್ಲಿ ಮರಿಗಳ ಮೈಗೆ ಗುಲಾಬಿ ಬಣ್ಣ ಹಚ್ಚಿ ಬಿಡುತ್ತಾರೆ, ಗಿಡುಗಕ್ಕೆ ಅದು ತಿನ್ನುವ ವಸ್ತುವಲ್ಲ ಎಂದು ತೋರಲಿ ಎಂದು. ತವರಿಗೆ ಬಂದಾಗ ಬಣ್ಣ ಹಚ್ಚುವ ಕೆಲಸ ಅತ್ತೆಯದು. ಮಾವ ಪಕ್ಕದಲ್ಲಿ ಕೂತು ಮರಿಗಳನ್ನು ಹಿಡಿದುಕೊಡುತ್ತಿದ್ದರು. ಆಮೇಲೆ ಅವರ ಕೈಗೂ ಎರಡು ದಿನ ಗುಲಾಬಿ ಬಣ್ಣ. ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ.

ದೊಡ್ಡ ಕ್ಯಾಮೆರಾದವರು ಬರತೊಡಗಿದ ಮೇಲೆ ತೊಂದರೆ ಶುರುವಾಯಿತು. ಅವರು ಇಂಟರ್ನೆಟ್ಟಿನಲ್ಲಿ ಗೂಡಿನ ಫೋಟೋ ಹಾಕಿದರು. ಅದನ್ನು ನೋಡಿ ಯಾರೋ ಇಲ್ಲಿ ಪಕ್ಷಿಧಾಮವಾಗಬೇಕು ಎಂದು ಬರೆದರು. ಆ ಮಾತು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ 'ಹದ್ದಿಗೆ ಊರು ಬರೆದುಕೊಡ್ತಾರಂತೆ' ಎಂದಾಗಿತ್ತು. ಒಮ್ಮೆ ಮುಳುಗಿ ಎದ್ದ ಊರು, ಇನ್ನೊಮ್ಮೆ ಏಳುವ ಶಕ್ತಿ ಯಾರಿಗಿದೆ? ಮೊದಲು ಆ ಮರ ಉರುಳಿಸಿದರೆ ಗೂಡಿಲ್ಲ, ಗೂಡಿಲ್ಲದಿದ್ದರೆ ಪಕ್ಷಿಧಾಮವಿಲ್ಲ ಎಂಬ ಲೆಕ್ಕ ಹಾಕಿದವರಲ್ಲಿ ಮುಂದಿದ್ದವನು ಅಪ್ಪಯ್ಯ.

ಮಾವ ಮಾತ್ರ ಎರಡೂ ಕಡೆಯವರಿಗೆ ಬೇಡವಾದರು. ಫಾರೆಸ್ಟಿನವರ ಹತ್ತಿರ ಹೋಗಿ, 'ಊರಿಗೆ ಬಂದು ಕಟ್ಟೆ ಮೇಲೆ ಕೂತು ಹೇಳಿ. ಜಮೀನು ಹೋಗ್ತದಾ, ಹೋಗಲ್ವಾ? ಮರದ ಬುಡದಲ್ಲಿರೋರಿಗೆ ಧೈರ್ಯ ಕೊಡದೆ ಮರದ ಮೇಲಿರೋದಕ್ಕೆ ರಕ್ಷಣೆ ಕೊಡೋಕಾಗಲ್ಲ' ಎಂದರು. ಮೇಲಿನಿಂದ ಏನೂ ಬಂದಿಲ್ಲ, ಬಾರದ್ದಕ್ಕೆ ಏನು ಹೇಳುವುದು ಎಂದು ಅಲ್ಲಿನವರು ಸಾಗಹಾಕಿದರು. ಮಾವ ಊರಿಗೆ ಬಂದು, 'ಮರಕ್ಕೆ ಕೈ ಹಾಕ್ಬೇಡಿ' ಎಂದರು. ಅಪ್ಪಯ್ಯ, 'ಭಾವ, ನೀವು ಸಂಬಳ ತಗೊಳ್ಳೋರು. ನಿಮ್ಮ ಮನೆ ಪೇಟೇಲಿದೆ' ಎಂದ. ಜಗುಲಿಯಲ್ಲಿ ಅವರು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬೇಸಿಗೆಯಲ್ಲಿ ನೀರು ಇಳಿದು ಹಿನ್ನೀರಿನ ನೆಲದಲ್ಲಿ ಹಸಿರು ಹುಲ್ಲು ಬಂದಾಗ ದನಗಳನ್ನು ಅಲ್ಲಿಗೆ ಮೇಯಲು ಬಿಡುತ್ತೇವೆ. ಆ ವರ್ಷ ಬೀದಿನಾಯಿಗಳ ಹಿಂಡು ನಮ್ಮ ಮನೆಯ ಕರುವೊಂದನ್ನು ಅಲ್ಲಿ ಹರಿದುಹಾಕಿತು. ಸತ್ತ ದನವನ್ನು ನಮ್ಮ ಕಡೆ ಹೂಳುತ್ತಾರೆ. ಆ ಕರುವನ್ನು ಹೂಳಲಿಲ್ಲ. ಎರಡು ದಿನದ ಮೇಲೆ ಅದರ ಸುತ್ತ ನಾಯಿಗಳು ಸತ್ತುಬಿದ್ದಿದ್ದವು. ಸ್ವಲ್ಪ ದೂರದಲ್ಲಿ, ಮತ್ತಿ ಮರದ ನೇರಕ್ಕೆ, ರೆಕ್ಕೆ ಹರಡಿಕೊಂಡು ಹೆಣ್ಣು ಹದ್ದು ಬಿದ್ದಿತ್ತು.

ಫಾರೆಸ್ಟಿನವರು ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋದದ್ದು ಹೊಸನಗರಕ್ಕೆ, ಮಾವನ ಆಸ್ಪತ್ರೆಗೆ. ಸಾಗರದಲ್ಲಿ ಅವತ್ತು ಡಾಕ್ಟರಿರಲಿಲ್ಲ. ಕರುವಿನ ಕಿವಿಯಲ್ಲಿದ್ದ ಹಳದಿ ಬಿಲ್ಲೆಯನ್ನು ಕೂಡ ತಂದಿದ್ದರು. ಬಿಲ್ಲೆ ಹಾಕಿದ್ದವರು ಮಾವನೇ. ನೋಡಿದ ಕೂಡಲೇ, 'ಈ ಕರು ನನ್ನ ಭಾವನ ಮನೇದು. ನಾನು ಮಾಡೋದು ಸರಿಯಲ್ಲ, ಬೇರೆಯವರನ್ನು ಕರೆಸಿ' ಎಂದರಂತೆ. ಬೇರೆಯವರು ಬರುವಷ್ಟರಲ್ಲಿ ಹಕ್ಕಿ ಕೊಳೆಯುತ್ತದೆ, ನೀವೇ ಕೊಯ್ಯಿರಿ ಎಂದರು. ಹದ್ದಿನ ಹೊಟ್ಟೆಯಲ್ಲಿ ಕರುವಿನ ಮಾಂಸವಿತ್ತು, ಅಡಿಕೆಗೆ ಹೊಡೆಯುವ ಕೀಟದ ಔಷಧಿಯ ಘಾಟಿತ್ತು.

ಅವತ್ತು ನಾನು ಅವರ ಮನೆಯಲ್ಲೇ ಇದ್ದೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದರು, 'ವಯಸ್ಸಾಗಿ ಸತ್ತಿದೆ ಅಂತ ಬರೀರಿ. ಹಕ್ಕಿಗೂ ವಯಸ್ಸಾಗೋದಿಲ್ವಾ?'

'ಆಗ್ತದೆ. ಇದಕ್ಕೆ ಆಗಿರ್ಲಿಲ್ಲ.'

'ಕಾರಣ ತಿಳೀಲಿಲ್ಲ ಅನ್ನಿ ಹಂಗಾದ್ರೆ. ನಮ್ಮಣ್ಣ ಜೈಲಿಗೆ ಹೋಗ್ಬೇಕಾ ಒಂದು ಹದ್ದಿಗೆ?'

ಮಾವ ತುಂಬ ಹೊತ್ತು ಕೈ ತೊಳೆಯುತ್ತಲೇ ಇದ್ದರು. 'ಯಾರು ಹಾಕಿದ್ದು ಅಂತ ನಾನು ಬರೆಯಲ್ಲ, ನಾನು ನೋಡಿಲ್ಲ. ಹೊಟ್ಟೇಲಿ ಏನಿತ್ತು ಅಂತ ಬರೀತೀನಿ. ಅದನ್ನು ನೋಡಿದೀನಿ.'

ಅತ್ತೆ ಅವತ್ತು ಊಟ ಬಡಿಸಲಿಲ್ಲ. ಬಡಿಸಿದವಳು ನಾನು. ನನಗೂ ಅವರ ಮೇಲೆ ಸಿಟ್ಟಿತ್ತು. ಸಾರು ಹಾಕುವಾಗ ಬೇಕೆಂದೇ ಮುಖ ನೋಡಲಿಲ್ಲ.

ಅಪ್ಪಯ್ಯನ ಮೇಲೆ ಕೇಸಾಯಿತು. 'ವಿಷ ಯಾರು ಹಾಕಿದ್ರೋ ನಂಗೊತ್ತಿಲ್ಲ' ಎಂದ ಅಪ್ಪಯ್ಯ. ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ನೋಡಿರಲಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತಿತು. ಮಾವ ನಮ್ಮ ಮನೆಯ ಮೆಟ್ಟಿಲು ಹತ್ತಬಾರದು ಎಂದು ಅಪ್ಪಯ್ಯ ಹೇಳಿಕಳಿಸಿದ.

ಆದರೂ ಮಾವ ಊರಿಗೆ ಬಂದರು. ನೀರು ಪೂರ್ತಿ ಇಳಿದಾಗ ಮುಳುಗಿದ ಊರಿನ ಚೌಡಿ ಕಲ್ಲು ಹೊರಬರುತ್ತದೆ. ವರ್ಷಕ್ಕೊಮ್ಮೆ ಊರವರೆಲ್ಲ ಕೆಸರು ತುಳಿದುಕೊಂಡು ಹೋಗಿ ಆ ದೇವತೆಗೆ ಹಣ್ಣುಕಾಯಿ ಮಾಡುತ್ತಾರೆ. ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಹಾಗಾಗಿ, ಹೇಳಲಾಗದ್ದು ಹೊಟ್ಟೆಯಲ್ಲಿದ್ದವರು ಅಲ್ಲಿ ಬಾಯಿ ಬಿಡುವುದೂ ಇಲ್ಲ, ಮಳೆಯ ವಿಷಯ ಮಾತಾಡಿ ಪ್ರಸಾದ ತೆಗೆದುಕೊಂಡು ಬರುತ್ತಾರೆ. ಆ ವರ್ಷ ಅಲ್ಲಿ ಮಳೆಯ ಮಾತೇ ಮಾತು.

ಕಾಯಿ ಒಡೆದ ಮೇಲೆ ಮಾವ ಮುಂದೆ ಬಂದರು. ಇವರು ಅಪ್ಪಯ್ಯನ ಹೆಸರೆತ್ತುತ್ತಾರೆ ಎಂದು ಎಲ್ಲರೂ ಬಿಗಿಯಾದರು. ಅಪ್ಪಯ್ಯ ಹಿಂದೆ, ಜನರ ಸಂದಿಯಲ್ಲಿ ನಿಂತಿದ್ದ. ಮಾವ ಅಂಗಿಯ ತೋಳು ಮಡಚಿ ಮಣಿಕಟ್ಟು ತೋರಿಸಿದರು.

'ನಿಮ್ದಲ್ಲ, ನಂದೊಂದು ಹೇಳೋದಿದೆ. ಇದು ಎಮ್ಮೆ ಮಾಡಿದ್ದಲ್ಲ. ಸ್ಕಾಟ್ಲೆಂಡಲ್ಲಿ ನಾನಿದ್ದ ಮನೆ ಯಜಮಾನ ಕಂಬದ ಮೇಲೆ ಕಬ್ಬಿಣದ ಹಲ್ಲಿನ ಬೋನು ಇಟ್ಟಿದ್ದ. ಒಂದು ಗಿಡುಗದ ಕಾಲು ಸಿಕ್ಕಿಹಾಕ್ಕೊಂಡಿತ್ತು. ಬಿಡಿಸೋಕೆ ಹೋದೆ. ಇನ್ನೊಂದು ಕಾಲಲ್ಲಿ ನನ್ನ ಕೈ ಹಿಡೀತು. ಅವನೇ ಓಡಿಬಂದು ನನ್ನ ಕೈ ಬಿಡಿಸ್ದ. ಹಕ್ಕಿ ಕುತ್ತಿಗೆ ಮುರಿದು ಕೆಸರಲ್ಲಿ ಹೂತ. ಆಮೇಲೆ ನನ್ನ ಗಾಯ ತೊಳೆದು ಬಟ್ಟೆ ಕಟ್ಟಿ ಚಾ ಮಾಡಿಕೊಟ್ಟ.'

ಬಲಗೈಯಿಂದ ಆ ಮಣಿಕಟ್ಟು ಹಿಡಿದುಕೊಂಡರು.

'ಅಲ್ಲಿನ ಪೊಲೀಸರು ಬಂದ್ರು. ಏನಾದ್ರೂ ನೋಡಿದ್ರಾ ಅಂತ ಕೇಳಿದ್ರು. ಏನೂ ನೋಡಿಲ್ಲ ಅಂದೆ. ಕೈಗೆ ಬಟ್ಟೆ ಕಟ್ಕೊಂಡೇ ಅಂದೆ. ಅವನಿಗೆ ಮನೆ ಹೋಗೋ ಹೆದರಿಕೆ ಇತ್ತು, ಮಕ್ಕಳಿದ್ರು. ನಂಗೇನಿತ್ತು? ಇವತ್ತಿಗೂ ಆ ಗುಡ್ಡದಲ್ಲಿ ಹದ್ದು ಕಾಣೆಯಾಗ್ತವೆ. ಪ್ರತಿ ಸುದ್ದಿ ಓದಿದಾಗ್ಲೂ ಅದರಲ್ಲಿ ನಾನೂ ಇದೀನಿ ಅನ್ಸುತ್ತೆ.'

ಅಷ್ಟೇ ಹೇಳಿ ತೋಳು ಇಳಿಸಿದರು. ನಾನು ಅಪ್ಪಯ್ಯನ ಕಡೆ ತಿರುಗಿದೆ. ಅಪ್ಪಯ್ಯ ಪ್ರಸಾದಕ್ಕೂ ಕಾಯದೆ ಕೆಸರಿನಲ್ಲಿ ಮನೆಯ ಕಡೆ ಹೊರಟಿದ್ದ. ಮಾವನ ಮೇಲಿದ್ದ ನನ್ನ ಸಿಟ್ಟು ಅವತ್ತು ಇಳಿಯಿತು. ದಿನಾ ಬೆಳಿಗ್ಗೆ ಅವರು ಕಾಫಿಯ ಜೊತೆ ಏನನ್ನು ಓದುತ್ತಿದ್ದರು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಸಾಗರದ ಕೋರ್ಟಿನಲ್ಲಿ ಕೇಸು ನಡೆಯಿತು ಎನ್ನುವುದಕ್ಕಿಂತ ತಾರೀಕಿನಿಂದ ತಾರೀಕಿಗೆ ಮುಂದೆ ಹೋಗುತ್ತ ಇತ್ತು ಎನ್ನಬೇಕು. ವಕೀಲರು ಬಂದರೆ ಜಡ್ಜ್ ಸಾಹೇಬರಿಲ್ಲ, ಸಾಹೇಬರಿದ್ದರೆ ವಕೀಲರಿಗೆ ಬೇರೆ ಕೆಲಸ. ಪ್ರತಿ ತಾರೀಕಿಗೂ ಸಾಕ್ಷಿ ಎಂದು ಮಾವ ಬರಬೇಕು, ಆರೋಪಿ ಎಂದು ಅಪ್ಪಯ್ಯ ಬರಬೇಕು. ಹೊಸನಗರದಿಂದ ಸಾಗರಕ್ಕೆ ಹೋಗುವ ಬೆಳಗಿನ ಬಸ್ಸು ಒಂದೇ. ಮಾವ ಹೊಸನಗರದಲ್ಲಿ ಹತ್ತುವರು, ಅಪ್ಪಯ್ಯ ಮಧ್ಯದಲ್ಲಿ ನಮ್ಮೂರ ಕ್ರಾಸಿನಲ್ಲಿ. ಅಷ್ಟೊತ್ತಿಗೆ ಬಸ್ಸು ಗಿಜಿಗುಟ್ಟುತ್ತಿರುತ್ತದೆ. ಅಪ್ಪಯ್ಯನಿಗೆ ಮಂಡಿನೋವು.

ಮೊದಲ ತಾರೀಕಿನ ದಿನ ಅಪ್ಪಯ್ಯ ಹತ್ತಿ ನೋಡಿದರೆ ಮಾವನ ಪಕ್ಕದ ಕಿಟಕಿಯ ಸೀಟಿನಲ್ಲಿ ಒಂದು ಟವೆಲ್ ಇತ್ತು. ಮಾವ ಎದ್ದು ದಾರಿ ಬಿಟ್ಟು ಟವೆಲ್ ತೆಗೆದರು. ಅಪ್ಪಯ್ಯ ನಿಂತೇ ಇದ್ದ. ಕಂಡಕ್ಟರ್ 'ಕೂತ್ಕೊಳ್ಳಿ ಯಜಮಾನ್ರೇ, ಅಷ್ಟು ಜನರ ಹತ್ರ ಜಗಳ ಆಡಿ ಹಿಡಿದಿಟ್ಟಿದಾರೆ' ಎಂದ ಮೇಲೆ ಕೂತ. ಸಾಗರದವರೆಗೂ ಕಿಟಕಿಯ ಹೊರಗೆ ನೋಡಿದ. ಮುಂದಿನ ತಾರೀಕಿಗೂ ಟವೆಲ್ ಇತ್ತು, ಅದರ ಮುಂದಿನದಕ್ಕೂ ಇತ್ತು. ಮಾವ ನಿವೃತ್ತರಾದ ಮೇಲೂ ಇತ್ತು. ಹೀಗೆ ಎರಡು ವರ್ಷ ಹದ್ದಿನ ಸಾಕ್ಷಿ ಮತ್ತು ಹದ್ದು ಕೊಂದ ಆರೋಪಿ ಒಂದೇ ಸೀಟಿನಲ್ಲಿ ತುಟಿ ಬಿಚ್ಚದೆ ಕೋರ್ಟಿಗೆ ಹೋಗಿ ಬಂದರು. ಅಪ್ಪಯ್ಯನ ವಕೀಲರಿಗೆ ಇದರಿಂದ ಮುಜುಗರ. ನಾನೂ ಒಮ್ಮೆ ಕೇಳಿದೆ, 'ಅವ್ರ ಮೇಲೆ ಸಾಕ್ಷಿ ಹೇಳೋಕೆ ಹೋಗ್ತೀರಿ, ಅವ್ರಿಗೇ ಸೀಟು ಹಿಡೀತೀರಲ್ಲ ಮಾವ?'

'ಸಾಕ್ಷಿ ಹೇಳೋದು ಬೇರೆ ಮಾರಾಯ್ತಿ, ಸೀಟು ಹಿಡಿಯೋದು ಬೇರೆ. ಭಾವನ ಮಂಡಿ ನೋವು ನಾನು ನೋಡಿದೀನಿ.'

ಮತ್ತಿ ಮರ ಉಳಿಯಿತು. ಕೇಸಾದ ಮೇಲೆ ಕೊಡಲಿ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಪಕ್ಷಿಧಾಮವೂ ಬರಲಿಲ್ಲ, ಹಕ್ಕುಪತ್ರವೂ ಬರಲಿಲ್ಲ. ಗಂಡು ಹದ್ದು ಒಂದು ಮಳೆಗಾಲ ಒಂಟಿಯಾಗಿ ಬೋಳು ಕೊಂಬೆಯ ಮೇಲೆ ಕೂತಿತ್ತು. ಆಮೇಲೆ ಎಲ್ಲಿಂದಲೋ ಜೋಡಿ ತಂದುಕೊಂಡಿತು.

ಮಾವ ತೀರಿಕೊಂಡದ್ದು ಈ ವರ್ಷದ ಚಳಿಗಾಲದಲ್ಲಿ, ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಲ್ಲೇ. ಮುಂದಿನ ವಾರವೇ ಅವರ ಸಾಕ್ಷಿ ಇತ್ತು. ಈ ಸಲ ಖಂಡಿತ ಕರೆಯುತ್ತಾರೆ ಎಂದು ಬಿಳಿ ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದರಂತೆ. ಅತ್ತೆ ಆ ಅಂಗಿಯನ್ನೇ ಅವರಿಗೆ ತೊಡಿಸಿದರು. ಅಪ್ಪಯ್ಯ ಬಂದು ಕಾಲ ಹತ್ತಿರ ನಿಂತ. ಆಮೇಲೆ ಬಗ್ಗಿ, ಅಂಗಿಯ ಎಡತೋಳು ಸ್ವಲ್ಪ ಮೇಲೆ ಸರಿದದ್ದನ್ನು ಎಳೆದು ಸರಿಮಾಡಿದ. ಎರಡು ವರ್ಷಗಳಲ್ಲಿ ತಾನಾಗಿ ಅವರನ್ನು ಮುಟ್ಟಿದ್ದು ಅದೇ ಮೊದಲು.

ತಾರೀಕಿನ ದಿನ ಅಪ್ಪಯ್ಯನ ಜೊತೆ ನಾನು ಹೋದೆ. ಬಸ್ಸಿನಲ್ಲಿ ಯಾರೂ ಸೀಟು ಹಿಡಿದಿರಲಿಲ್ಲ. ಸಾಗರದವರೆಗೂ ಅಪ್ಪಯ್ಯ ಕಂಬಿ ಹಿಡಿದು ನಿಂತೇ ಬಂದ. ಕೋರ್ಟಿನ ಮುಂದೆ ನಮ್ಮ ವಕೀಲರು ಖುಷಿಯಲ್ಲಿದ್ದರು. 'ಲ್ಯಾಬಿಗೆ ಕಳಿಸಿದ್ದ ಹದ್ದಿನ ಹೊಟ್ಟೆಯ ಸ್ಯಾಂಪಲ್ ಮೊದಲೇ ಕೆಟ್ಟುಹೋಗಿದೆ. ಕಣ್ಣಾರೆ ನೋಡಿ ಬರೆದವರು ಅವರೊಬ್ಬರೇ. ಅವರೂ ಇಲ್ಲ ಅಂದ್ಮೇಲೆ ಆ ವರದಿಯನ್ನೇ ಸುಳ್ಳು ಅಂತೀವಿ. ನೀವು ಬಾಯಿ ಮುಚ್ಕೊಂಡು ನಿಂತ್ರೆ ಸಾಕು, ಕೇಸು ಬಿದ್ದುಹೋಗುತ್ತೆ.'

ಒಳಗೆ ಮಾವನ ಹೆಸರು ಕೂಗಿದರು. ಸಾಕ್ಷಿ ತೀರಿಕೊಂಡಿದ್ದಾರೆ ಎಂದು ಯಾರೋ ಹೇಳಿದರು. ವಕೀಲರು ಎದ್ದು, ವರದಿ ನಂಬಲಾಗದ್ದು, ಡಾಕ್ಟರು ನೋಡದೆಯೇ ಬರೆದಿರಬಹುದು ಎಂದು ಶುರುಮಾಡಿದರು. ಆಗ ಅಪ್ಪಯ್ಯ ಕೈ ಎತ್ತಿದ. ನಾವು ಮಾವನ ಬೆನ್ನ ಹಿಂದೆ ಅಣಕಿಸುತ್ತಿದ್ದೆವಲ್ಲ, ಹಾಗೆಯೇ.

'ಹಂಗನ್ಬೇಡಿ ಸ್ವಾಮಿ. ನಮ್ಮ ಭಾವ ನೋಡದ್ದನ್ನು ಬರೆಯೋರಲ್ಲ. ಔಷಧಿ ಹಾಕಿದ್ದು ನಾನು. ನಾಯಿಗೆ ಅಂತ ಹಾಕಿದೆ. ಹದ್ದೂ ಬರ್ತದೆ ಅಂತ ಗೊತ್ತಿತ್ತು.'

ಸಾಹೇಬರು ಪೆನ್ನು ಕೆಳಗಿಟ್ಟರು. ವಕೀಲರ ಜೊತೆ ಮಾತಾಡಿಕೊಂಡು ಬನ್ನಿ ಎಂದು ಅಪ್ಪಯ್ಯನಿಗೆ ಹೇಳಿ ಇನ್ನೊಂದು ತಾರೀಕು ಕೊಟ್ಟರು. ಹೊರಗೆ ವಕೀಲರು ಏನೇನೋ ಬೈದರು. ಅಪ್ಪಯ್ಯ ಕೇಳಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ನಾನು ನೀರಿನ ಬಾಟಲಿ ತೆಗೆದುಕೊಂಡು ಬಸ್ಸು ಹತ್ತುವಷ್ಟರಲ್ಲಿ ಅಪ್ಪಯ್ಯ ಸೀಟಿನಲ್ಲಿ ಕೂತಿದ್ದ. ಪಕ್ಕದ ಕಿಟಕಿಯ ಸೀಟಿನ ಮೇಲೆ ಹೆಗಲಿನ ಟವೆಲ್ ಹಾಕಿದ್ದ. ತನ್ನ ಜೀವಮಾನದಲ್ಲಿ ಅಪ್ಪಯ್ಯ ಯಾರಿಗೂ ಸೀಟು ಹಿಡಿದವನಲ್ಲ. ನಾನು ಕೂತ ಮೇಲೆ ಟವೆಲ್ ಮಡಚುತ್ತ, 'ಎರಡು ವರ್ಷ ಭಾವನ ಪಕ್ಕ ಕೂತು ಬಂದೆ. ಒಂದು ಮಾತು ಆಡ್ಲಿಲ್ಲ ನೋಡು' ಎಂದ. ನನಗೆ ಅಳು ಬಂತು, ಕಿಟಕಿಯ ಕಡೆ ತಿರುಗಿಕೊಂಡೆ.

ಅಪ್ಪಯ್ಯನಿಗೆ ಶಿಕ್ಷೆಯಾಗಬಹುದು. ಅದು ನೆನಪಾದರೆ ನನಗೆ ಹೆದರಿಕೆಯಾಗುತ್ತದೆ. ಅಮ್ಮನಿಗೆ ನಿದ್ದೆಯಿಲ್ಲ. ಆದರೆ ಆ ಸಂಜೆ ಕ್ರಾಸಿನಲ್ಲಿ ಇಳಿದು ನಡೆಯುವಾಗ, ಎರಡು ವರ್ಷ ಆ ದಿಬ್ಬದ ಕಡೆ ಕತ್ತೆತ್ತಿ ನೋಡದಿದ್ದ ಅಪ್ಪಯ್ಯ ಮತ್ತಿ ಮರದ ಕೆಳಗೆ ನಿಂತ. ಗೂಡಿನ ಅಂಚಿನಲ್ಲಿ ಬೂದು ಬಣ್ಣದ ಮರಿಯೊಂದು ರೆಕ್ಕೆ ಬಡಿಯುತ್ತಿತ್ತು.

'ಮರಿ ಆಗಿದೆ' ಎಂದ ಅಪ್ಪಯ್ಯ. 'ನಿಮ್ಮತ್ತೆಗೆ ಫೋನ್ ಮಾಡಿ ಹೇಳು. ನಾನೇ ನೋಡ್ದೆ ಅಂತ ಹೇಳು.'